ಧಾರವಾಡದ ಜಡಿಮಳೆ ತಾಳುವ ಅಡುಗೆಮನೆ: ಕಟ್ಟಿಗೆ, ಪ್ಲೈ, ಮಷೀನು ಆರಿಸುವುದು ಹೇಗೆ

ಮೇ ತಿಂಗಳಲ್ಲಿ ಕಟುಂ ಅಂತ ಮುರಿಯುತ್ತಿದ್ದ ಕಟಕ ರೊಟ್ಟಿ ಆಷಾಢ ಬರುವ ಹೊತ್ತಿಗೆ ಬಟ್ಟೆ ಹಾಗೆ ಮಡಚಿಕೊಳ್ಳುತ್ತದೆ. ಉಪ್ಪಿನ ಭರಣಿ ಒದ್ದೆಯಾಗುತ್ತದೆ, ಬೆಲ್ಲ ಬೆವರುತ್ತದೆ, ಪಂಚಮಿ ಉಂಡಿ ಡಬ್ಬಿಯೊಳಗೆ ವಾರದಲ್ಲೇ ಬೂಷ್ಟು ಹಿಡಿಯುತ್ತವೆ. ಇದೆಲ್ಲ ನಮಗೆ ಗೊತ್ತಿರುವುದೇ. ಆದರೆ ಆ ರೊಟ್ಟಿ ಕುಡಿದ ತೇವವನ್ನೇ ಅಡುಗೆಮನೆಯ ಕಪಾಟೂ ಕುಡಿಯುತ್ತಿರುತ್ತದೆ ಅನ್ನೋದನ್ನು ನಾವು ಮರೆಯುತ್ತೇವೆ. ಶೋರೂಮಿಗೆ ಹೋಗಿ ಬಣ್ಣ ನೋಡಿ, ಹೊಳಪು ನೋಡಿ ಆರಿಸಿ ಬರುತ್ತೇವೆ.

ನಾನೂ ಹಾಗೇ ಮಾಡಿದ್ದೆ. ಧಾರವಾಡದಲ್ಲಿ ಮನೆ ಕಟ್ಟಿಸಿದಾಗ ರೆಡಿಮೇಡ್ ಮಾಡ್ಯುಲರ್ ಕಿಚನ್ ಹಾಕಿಸಿದೆ. ಎರಡನೇ ಮಳೆಗಾಲದಲ್ಲಿ ಸಿಂಕಿನ ಕೆಳಗಿನ ಬಾಗಿಲು ಮುಚ್ಚಲಿಲ್ಲ. ಕೆಳಗೆ ಕೂತು ಕೈ ಹಾಕಿ ನೋಡಿದರೆ ತಳದ ಹಲಗೆ ಒಂದೂವರೆ ಪಟ್ಟು ದಪ್ಪ ಆಗಿತ್ತು. ಬೆರಳಿನಿಂದ ಒತ್ತಿದೆ. ನೆಂದ ಅವಲಕ್ಕಿ ಹಾಗೆ ಒಳಗೆ ಹೋಯಿತು, ಕೈ ತೆಗೆದರೆ ಹೊಟ್ಟು ಉದುರಿತು. ಮೇಲೆ ಲ್ಯಾಮಿನೇಟ್ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಅದು ಪಾರ್ಟಿಕಲ್ ಬೋರ್ಡ್, ಅಂದರೆ ಕಟ್ಟಿಗೆ ಹೊಟ್ಟನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಮಾರುವವರು "ವಾಟರ್ ರೆಸಿಸ್ಟೆಂಟ್" ಅಂದಿದ್ದರು, ನಾನು ಯಾವ ಪ್ಲೈ ಅಂತ ಕೇಳಿರಲಿಲ್ಲ. ಆ ಕಪಾಟು ಒಡೆಸಿ ಮತ್ತೆ ಮಾಡಿಸುವಾಗ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ದುಡ್ಡು ಹಾಗೆ ಹೋಗಬಾರದು.

ನಮ್ಮ ಕಡೆಯ ತೊಂದರೆ ಏನು?

ಮಂಗಳೂರು, ಕಾರವಾರದ ಕಡೆ ವರ್ಷಪೂರ್ತಿ ತೇವ ಇರುತ್ತದೆ. ಅಲ್ಲಿ ಕಟ್ಟಿಗೆ ಒಮ್ಮೆ ಉಬ್ಬಿದರೆ ಹೆಚ್ಚುಕಡಿಮೆ ಉಬ್ಬಿದಂತೆಯೇ ಇರುತ್ತದೆ. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ, ಸುಮಾರು 750 ಮೀಟರ್ ಎತ್ತರ. ಜೂನ್‌ನಲ್ಲಿ ಮಿರಗಾ ಮಳೆ ಹಿಡಿದರೆ ಆಗಸ್ಟ್ ತನಕ ಜಿಟಿಜಿಟಿ, ಬಿಸಿಲೇ ಕಾಣದ ವಾರಗಳು. ಆಮೇಲೆ ಮಾರ್ಚ್, ಏಪ್ರಿಲ್‌ನಲ್ಲಿ ತುಟಿ ಒಡೆಯುವಷ್ಟು ಒಣ ಗಾಳಿ. ಅಂದರೆ ನಮ್ಮಲ್ಲಿ ಕಟ್ಟಿಗೆ ವರ್ಷಕ್ಕೊಮ್ಮೆ ಉಬ್ಬುತ್ತದೆ, ವರ್ಷಕ್ಕೊಮ್ಮೆ ಕುಗ್ಗುತ್ತದೆ. ಜೋಡಣೆ ಸಡಿಲ ಆಗುವುದು, ಲ್ಯಾಮಿನೇಟ್ ಅಂಚು ಏಳುವುದು, ಬಾಗಿಲು ಜುಲೈನಲ್ಲಿ ಬಿಗಿದು ಏಪ್ರಿಲ್‌ನಲ್ಲಿ ಸಂದು ಬಿಡುವುದು, ಎಲ್ಲ ಇದರಿಂದಲೇ. ಹಾವೇರಿ ಜಿಲ್ಲೆಯ ಹಾನಗಲ್ ಕಡೆಯವರಿಗೂ ಇದೇ ಕತೆ. ಹುಬ್ಬಳ್ಳಿಯಲ್ಲಿ ಸ್ವಲ್ಪ ಕಮ್ಮಿ. ಗದಗಿನಲ್ಲಿ ಮಳೆ ಇನ್ನೂ ಕಮ್ಮಿ. ಅಲ್ಲಿಯವರಿಗೆ ತೇವಕ್ಕಿಂತ ಒಣಗಿ ಸೀಳುವುದರ ಮತ್ತು ಬೋರಿನ ಗಡಸು ನೀರಿನ ಚಿಂತೆ ಜಾಸ್ತಿ.

ಇನ್ನೊಂದು ವಿಷಯ. ತೇವ ಹೊರಗಿನಿಂದ ಮಾತ್ರ ಬರುವುದಿಲ್ಲ. ಗ್ಯಾಸ್ ಉರಿದಾಗ ನೀರಾವಿ ಹುಟ್ಟುತ್ತದೆ. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗೂ ಮೇಲೆ ನೀರು ಆವಿಯಾಗಿ ಹೊರಬರುತ್ತದೆ, ಏಕೆಂದರೆ ಗ್ಯಾಸಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಲೆಕ್ಕ ಹಾಕಿದರೆ 14.2 ಕಿಲೋದ ಒಂದು ಸಿಲಿಂಡರ್ ಖಾಲಿ ಆಗುವಷ್ಟರಲ್ಲಿ ಸುಮಾರು 22 ಲೀಟರ್ ನೀರು, ಅಂದರೆ ಒಂದು ದೊಡ್ಡ ಕೊಡಕ್ಕಿಂತ ಜಾಸ್ತಿ, ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಅನ್ನ ಕುದ್ದದ್ದು, ಕುಕ್ಕರ್ ಸೀಟಿ ಹೊಡೆದದ್ದು ಬೇರೆ. ಹೊರಗೆ ಮಳೆ, ಕಿಟಕಿ ಮುಚ್ಚಿದೆ. ಆ ನೀರು ಎಲ್ಲಿಗೆ ಹೋಗಬೇಕು? ಕಪಾಟಿಗೆ, ಗೋಡೆಗೆ, ಮಷೀನಿನ ಒಳಗೆ ಹೋಗುತ್ತದೆ.

ಹಾಗಾಗಿ ಏನೇ ಆರಿಸುವಾಗಲೂ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ತೇವ ಕುಡಿದರೆ ಏನಾಗುತ್ತದೆ? ಕುಡಿದದ್ದು ಒಣಗಲು ದಾರಿ ಇದೆಯಾ? ಎರಡನೆಯದೇ ಮುಖ್ಯ. ಒಳ್ಳೆ ಸಾಗವಾನಿಯನ್ನೂ ಗಾಳಿಯಾಡದ ಮೂಲೆಗೆ ಹಾಕಿದರೆ ಕೆಡುತ್ತದೆ. ಸಾಧಾರಣ ಕಟ್ಟಿಗೆಗೂ ಗಾಳಿ ಸಿಕ್ಕರೆ ಇಪ್ಪತ್ತು ವರ್ಷ ಬಾಳುತ್ತದೆ.

ಎಲ್ಲ ಕಡೆ ಕಟ್ಟಿಗೆ ಬೇಡ

ಮೊದಲು ಕಟ್ಟಿಗೆ ಎಲ್ಲಿ ಬೇಡ ಅನ್ನೋದು ತೀರ್ಮಾನ ಆಗಲಿ. ಸಿಂಕಿನ ಕೆಳಗೆ ಬೇಡ. ಸಿಲಿಂಡರ್ ಇಡುವ ಜಾಗಕ್ಕೆ ಬೇಡ. ನೀರಿನ ಫಿಲ್ಟರ್ ಕೂರುವ ಜಾಗಕ್ಕೂ ಬೇಡ, ಅದು ಇವತ್ತಲ್ಲ ನಾಳೆ ಹನಿ ಹನಿ ಸೋರುತ್ತದೆ. ನಮ್ಮ ಹಿಂದಿನವರು ಒಲೆಕಟ್ಟೆ ಕೆಳಗೆ ಕಡಪಾ ಕಲ್ಲಿನ ಅಟ್ಟಣಿಗೆ ಹಾಕಿಸುತ್ತಿದ್ದರು, ಅಲ್ವಾ? ಅದಕ್ಕಿಂತ ಒಳ್ಳೆಯದು ಇವತ್ತಿಗೂ ಸಿಕ್ಕಿಲ್ಲ. ಕಲ್ಲು ಉಬ್ಬುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಒರೆಸಿದರೆ ಮುಗಿಯಿತು. ಕೆಳಗಿನ ಕಪಾಟಿನ ಡಬ್ಬಿ ಪೂರ್ತಿ ಕಡಪಾ ಕಲ್ಲಿನಲ್ಲಿ ಮಾಡಿಸಿ ಮುಂದೆ ಬಾಗಿಲು ಮಾತ್ರ ಕಟ್ಟಿಗೆಯದು ಹಾಕಿಸಿದರೆ ನೋಡಲೂ ಚೆಂದ, ಖರ್ಚೂ ಕಮ್ಮಿ. ಡಿಸೈನ್ ಮಾಡುವವರು ಬೇಡ ಅನ್ನಬಹುದು, ಡ್ರಾಯರ್ ಕೂರುವುದಿಲ್ಲ ಅನ್ನಬಹುದು. ಡ್ರಾಯರ್ ಬೇಕಾದ ಒಂದೆರಡು ಖಾನೆಗೆ ಪ್ಲೈ ಹಾಕಿಸಿ, ಉಳಿದದ್ದು ಕಲ್ಲಿರಲಿ.

ಕಲ್ಲು ಇಷ್ಟ ಇಲ್ಲ ಅಂದರೆ ಸಿಂಕಿನ ಕೆಳಗೆ ಮಾತ್ರ ಪಿವಿಸಿ ಬೋರ್ಡ್ ಅಥವಾ ಡಬ್ಲ್ಯುಪಿಸಿ (ಕಟ್ಟಿಗೆ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ) ಹಾಕಿಸಬಹುದು. ನೀರು ಕುಡಿಯುವುದಿಲ್ಲ. ಆದರೆ ಸ್ಕ್ರೂ ಹಿಡಿತ ಪ್ಲೈಯಷ್ಟು ಗಟ್ಟಿ ಇರುವುದಿಲ್ಲ, ಭಾರ ಹಾಕಿದರೆ ಬಾಗುತ್ತದೆ, ಒಲೆ ಪಕ್ಕದ ಬಿಸಿಗೂ ಆಗುವುದಿಲ್ಲ. ಉಗ್ರಾಣದ ಕಪಾಟಿಗೆ, ಅಂದರೆ ಹತ್ತು ಹತ್ತು ಕಿಲೋ ಜೋಳದ ಡಬ್ಬಿ ಇಡುವ ಕಡೆ, ಅದನ್ನು ನಂಬಬೇಡಿ.

ಪ್ಲೈ ಕೊಳ್ಳುವಾಗ

ಅಂಗಡಿಯಲ್ಲಿ ಪ್ಲೈ ಕೇಳಿದರೆ ಸಾಮಾನ್ಯವಾಗಿ "ಕಮರ್ಷಿಯಲ್" ಅಂತ ತೋರಿಸುತ್ತಾರೆ. ಅದರ ಮೇಲೆ ಎಂಆರ್, ಅಂದರೆ ಮಾಯಿಶ್ಚರ್ ರೆಸಿಸ್ಟೆಂಟ್ ಅಂತ ಇರುತ್ತದೆ. ಅದು ತೇವವನ್ನು ಸ್ವಲ್ಪ ತಾಳುತ್ತದೆ ಅಷ್ಟೇ, ನೀರನ್ನು ತಾಳುವುದಿಲ್ಲ. ಹಾಲ್‌ನ ಶೋಕೇಸಿಗೆ ಸರಿ, ಅಡುಗೆಮನೆಗೆ ಅಲ್ಲ. ಅಡುಗೆಮನೆಗೆ ಬೇಕಾದದ್ದು ಬಿಡಬ್ಲ್ಯುಪಿ (ಬಾಯ್ಲಿಂಗ್ ವಾಟರ್ ಪ್ರೂಫ್), ಐಎಸ್ 710 ಮಾನದಂಡದ್ದು, ಮರೀನ್ ಪ್ಲೈ ಅಂತಾರಲ್ಲ, ಅದು. ವ್ಯತ್ಯಾಸ ಇರುವುದು ಅಂಟಿನಲ್ಲಿ. ಎಂಆರ್‌ನಲ್ಲಿ ಯೂರಿಯಾ ಅಂಟು, ಕುದಿಯುವ ನೀರಿಗೆ ಬಿಟ್ಟುಕೊಡುತ್ತದೆ. 710ರಲ್ಲಿ ಫಿನಾಲ್ ಅಂಟು, 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನುವುದು ಅದರ ಪರೀಕ್ಷೆ.

72 ಗಂಟೆ ನಾವು ಕುದಿಸಲಾಗುವುದಿಲ್ಲ. ಆದರೆ ನಮ್ಮ ಬಡಿಗೇರರು ನನ್ನ ಕಣ್ಣ ಮುಂದೆಯೇ ಒಂದು ಕೆಲಸ ಮಾಡಿ ತೋರಿಸಿದರು. ಎರಡು ಅಂಗಡಿಯಿಂದ ಅಂಗೈ ಅಗಲದ ಒಂದೊಂದು ತುಂಡು ಸ್ಯಾಂಪಲ್ ತರಿಸಿ, ಹಳೇ ಪಾತ್ರೆಯಲ್ಲಿ ನೀರು ಹಾಕಿ ಬೆಳಗಿನಿಂದ ಮಧ್ಯಾಹ್ನದ ತನಕ ಕುದಿಸಿದರು. ಒಂದು ತುಂಡು ಪುಸ್ತಕದ ಹಾಳೆ ತೆಗೆದ ಹಾಗೆ ಬಾಯಿ ಬಿಟ್ಟಿತು, ನೀರು ಕೆಂಪಾಯಿತು. ಇನ್ನೊಂದನ್ನು ಚಾಕು ಹಾಕಿ ಎಬ್ಬಿಸಿದರೂ ಏಳಲಿಲ್ಲ. ಎರಡರ ಮೇಲೂ "ವಾಟರ್‌ಪ್ರೂಫ್" ಅಂತ ಮುದ್ರೆ ಇತ್ತು. ಈ ಪರೀಕ್ಷೆಗೆ ಅರ್ಧ ದಿನ ಸಾಕು, ದಯವಿಟ್ಟು ಮಾಡಿ. ಜೊತೆಗೆ ಹಾಳೆಯ ಮೇಲೆ ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಗೆ, ಯಾವ ಮಾಲಿಗೆ ಕೊಟ್ಟದ್ದು ಅಂತ ಬರುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ಸಂಕೋಚ ಬೇಡ. ಬಿಲ್ಲಿನಲ್ಲಿ ಬರೀ "ಪ್ಲೈ" ಅಂತ ಬರೆಯಲು ಬಿಡಬೇಡಿ, ಐಎಸ್ 710, 18 ಎಂಎಂ ಅಂತ ಬರೆಸಿ.

ಕಪಾಟಿನ ಡಬ್ಬಿಗೆ 18 ಎಂಎಂ ಪ್ಲೈ. ಹಿಂಬದಿಗೆ ಜಾಸ್ತಿ ಜನ 4 ಎಂಎಂ ಹಾಕಿ ಮುಗಿಸುತ್ತಾರೆ, ಗೋಡೆಯ ತೇವ ಮೊದಲು ತಿನ್ನುವುದು ಅದನ್ನೇ. ಕನಿಷ್ಠ 6 ಎಂಎಂ, ಅದೂ 710 ಇರಲಿ. ಹಿಂಬದಿಗೂ ಗೋಡೆಗೂ ನಡುವೆ ಅರ್ಧ ಇಂಚು ಜಾಗ ಬಿಡಿಸಿ. ಕೆಳಗಿನ ಕಪಾಟು ನೆಲಕ್ಕೆ ತಾಗಬಾರದು, ನಾಲ್ಕು ಇಂಚಿನ ಪಿವಿಸಿ ಅಥವಾ ಸ್ಟೀಲ್ ಕಾಲು ಹಾಕಿಸಿ. ನೆಲ ಒರೆಸಿದ ನೀರು ತಾಗುವುದಿಲ್ಲ, ಗಾಳಿಯೂ ಆಡುತ್ತದೆ.

ಲ್ಯಾಮಿನೇಟ್ ಹಾಳೆ ಎರಡೂ ಬದಿಗೆ ಬೇಕು. ಹೊರಗೆ 1 ಎಂಎಂ, ಒಳಗೆ 0.8. ಒಂದೇ ಬದಿಗೆ ಅಂಟಿಸಿದರೆ ಇನ್ನೊಂದು ಬದಿ ತೇವ ಕುಡಿದು ಬಾಗಿಲು ಬಿಲ್ಲಿನ ಹಾಗೆ ಬಾಗುತ್ತದೆ. ಮತ್ತೆ ಅಂಚು. ಪ್ಲೈ ನೀರು ಕುಡಿಯುವುದು ಮುಖದಿಂದ ಅಲ್ಲ, ಅಂಚಿನಿಂದ. ಕಣ್ಣಿಗೆ ಕಾಣದ ಕೆಳ ಅಂಚು, ಹಿಂಜ್‌ಗೆ ಕೊರೆದ ತೂತು, ಪೈಪ್ ಹೋಗಲು ಕತ್ತರಿಸಿದ ಜಾಗ, ಈ ಮೂರನ್ನೂ ಬಿಟ್ಟುಬಿಡುತ್ತಾರೆ. ಪಕ್ಕದಲ್ಲೇ ನಿಂತು ಅಲ್ಲೆಲ್ಲ ಪಟ್ಟಿ ಅಂಟಿಸಿ, ತೂತಿಗೆ ಸೀಲರ್ ಹಚ್ಚಿಸಿ. ಎಂಡಿಎಫ್ (ಕಟ್ಟಿಗೆಯ ನಾರನ್ನು ಒತ್ತಿ ಮಾಡಿದ ಹಲಗೆ) ಬಾಗಿಲು ನೋಡಲು ನಯವಾಗಿರುತ್ತದೆ, ಆದರೆ ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದರೂ ಮೊದಲಿನಂತಾಗುವುದಿಲ್ಲ. ನಾನು ಮತ್ತೆ ಹಾಕಿಸುವುದಿಲ್ಲ.

ಕಟ್ಟಿಗೆಯಲ್ಲಿ ಯಾವುದು?

ಬಾಗಿಲ ಚೌಕಟ್ಟಿಗೆ, ಕಪಾಟಿನ ಬಾಗಿಲಿಗೆ ಸಾಗವಾನಿಯೇ ಮೊದಲು. ಅದರೊಳಗೇ ಎಣ್ಣೆಯ ಅಂಶ ಇದೆ, ಉಬ್ಬು-ತಗ್ಗು ಕಮ್ಮಿ. ಕಲಘಟಗಿಯ ಬಣ್ಣದ ತೊಟ್ಟಿಲು ಸಾಗವಾನಿಯಲ್ಲೇ ಮಾಡುತ್ತಾರೆ, ತಲೆಮಾರು ಕಳೆದರೂ ಜೋಡಣೆ ಬಿಡುವುದಿಲ್ಲ. ಆದರೆ ಸಾಗವಾನಿ ಅಂದ ತಕ್ಷಣ ಒಪ್ಪಬೇಡಿ. ಎಳೇ ಮರದ ಕಟ್ಟಿಗೆಯಲ್ಲಿ ಹೊರಗಿನ ಬಿಳಿ ಭಾಗ ಜಾಸ್ತಿ ಇರುತ್ತದೆ, ಗೆದ್ದಲು ಅದನ್ನು ಬಿಡುವುದಿಲ್ಲ. ಒಳಗಿನ ಕಂದು ಬಣ್ಣದ ಚೇಗು ಎಷ್ಟಿದೆ ನೋಡಿ. ದಾಂಡೇಲಿಯ ಅರಣ್ಯ ಇಲಾಖೆ ಡಿಪೋ ಮಾಲು ಅಂತ ಎಲ್ಲರೂ ಹೇಳುತ್ತಾರೆ, ಬಿಲ್ಲು, ಪರವಾನಗಿ ಕಾಗದ ಕೇಳಿ ತಗೊಳ್ಳಿ.

ಇದಕ್ಕಿಂತ ಒಳ್ಳೆಯ ದಾರಿ ಒಂದಿದೆ. ನಮ್ಮ ಕಡೆ ಹಳೇ ಮಾಳಿಗೆ ಮನೆ ಕೆಡವಿದಾಗ ಬರುವ ತೊಲೆ, ಕಂಬ, ಜಂತಿ. ಐವತ್ತು-ಅರವತ್ತು ವರ್ಷ ಇಲ್ಲಿನ ಮಳೆ, ಇಲ್ಲಿನ ಬಿಸಿಲು ಎರಡನ್ನೂ ಕಂಡ ಕಟ್ಟಿಗೆ ಅದು, ಸೀಳುವುದಿದ್ದರೆ ಆಗಲೇ ಸೀಳಿರುತ್ತದೆ. ಕೊಯ್ಯಿಸುವ ಮೊದಲು ಮೊಳೆ ಎಲ್ಲ ಕೀಳಿಸಬೇಕು, ಇಲ್ಲದಿದ್ದರೆ ಕೊಯ್ಯುವ ಮಿಲ್ಲಿನವರು ಮುಟ್ಟುವುದಿಲ್ಲ. ತುದಿಗಳನ್ನು ಸುತ್ತಿಗೆಯಿಂದ ಬಡಿದು ನೋಡಿ, ಗಟ್ಟಿ ಸದ್ದು ಬಂದರೆ ಸರಿ, ಡಬ್‌ಡಬ್ ಅಂದರೆ ಒಳಗೆ ಪೊಳ್ಳು. ನನ್ನ ಈಗಿನ ಅಡುಗೆಮನೆಯ ಬಾಗಿಲುಗಳೆಲ್ಲ ಇಂಥ ಒಂದು ಮನೆಯ ತೊಲೆಯಿಂದ ಆದವು.

ಹೊನ್ನೆ ಗಟ್ಟಿ, ಬಾಳಿಕೆ ಬರುತ್ತದೆ. ಆದರೆ ನೆಂದರೆ ಹಳದಿ ಬಣ್ಣ ಬಿಡುತ್ತದೆ, ಸುಣ್ಣದ ಗೋಡೆ ಕಲೆಯಾಗುತ್ತದೆ. ಮತ್ತಿ ಭಾರ ಹೊರುತ್ತದೆ, ಆದರೆ ಒಣಗುವಾಗ ಸೀಳುವ ಸ್ವಭಾವ. ಬಾಗಿಲಿಗೆ ಬೇಡ, ಒಳಗಿನ ಚೌಕಟ್ಟಿಗೆ ಸರಿ. ಬೇವು ಗದಗ, ನವಲಗುಂದದ ಕಡೆ ಸುಲಭಕ್ಕೆ ಸಿಗುತ್ತದೆ, ಕಹಿ ಇರುವುದರಿಂದ ಹುಳು ಕಮ್ಮಿ, ಚೆನ್ನಾಗಿ ಒಣಗಿಸಿದರೆ ಅಗ್ಗದಲ್ಲಿ ಒಳ್ಳೆಯ ಕಟ್ಟಿಗೆ. ಹಲಸೂ ಒಳ್ಳೆಯದೇ. ಮಾವು ಮತ್ತು ರಬ್ಬರ್ ವುಡ್ ನಮ್ಮ ಮಳೆಗಾಲಕ್ಕೆ ಬೇಡ, ಎರಡಕ್ಕೂ ಹುಳು, ಬೂಷ್ಟು ಬೇಗ ಹತ್ತುತ್ತವೆ.

ಯಾವ ಕಟ್ಟಿಗೆ ಅನ್ನುವುದಕ್ಕಿಂತ ಎಷ್ಟು ಒಣಗಿದೆ ಅನ್ನುವುದು ದೊಡ್ಡದು. ನೆರಳಲ್ಲಿ, ಗಾಳಿಯಲ್ಲಿ ಒಣಗಿಸಿದರೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಅನ್ನುವುದು ಬಡಿಗೇರರ ಹಳೇ ಲೆಕ್ಕ. ಈಗ ಚಿಕ್ಕ ಮಾಯಿಶ್ಚರ್ ಮೀಟರ್ ಸಿಗುತ್ತದೆ, ಎರಡು ಮುಳ್ಳು ಚುಚ್ಚಿದರೆ ಶೇಕಡಾ ಎಷ್ಟು ತೇವ ಅಂತ ತೋರಿಸುತ್ತದೆ. 10ರಿಂದ 12 ಇದ್ದರೆ ತಗೊಳ್ಳಿ. 18, 20 ತೋರಿಸಿದರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ. ಮತ್ತೆ ಕಟ್ಟಿಗೆ ಉದ್ದಕ್ಕೆ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಒಂದು ಅಡಿ ಅಗಲದ ಸಾಗವಾನಿ ಹಲಗೆ ಕೂಡ ಬೇಸಿಗೆಯಿಂದ ಮಳೆಗಾಲಕ್ಕೆ ಎರಡು-ಮೂರು ಮಿಲಿಮೀಟರ್ ಸರಿದಾಡುತ್ತದೆ. ಅದಕ್ಕೇ ಬಾಗಿಲಿನ ನಡುವಿನ ಹಲಗೆಯನ್ನು ಚೌಕಟ್ಟಿನ ತೋಡಿನಲ್ಲಿ ಅಂಟು ಹಾಕದೆ ಕೂರಿಸಬೇಕು. ಅಂಟು ಹಾಕಿ ಬಿಗಿ ಮಾಡಿದರೆ ಏಪ್ರಿಲ್‌ನಲ್ಲಿ ನಡುವೆ ಸೀಳು ಬೀಳುತ್ತದೆ.

ಕೆಲಸ ಯಾವಾಗ ಮಾಡಿಸಬೇಕು ಅಂತ ಕೇಳುತ್ತಾರೆ. ದೀಪಾವಳಿ ಮುಗಿದ ಮೇಲೆ ಶುರು ಮಾಡಿ ಫೆಬ್ರವರಿಯೊಳಗೆ ಮುಗಿಸಿ. ಆಗ ಹವೆ ನಡುಮಧ್ಯ ಇರುತ್ತದೆ. ಜುಲೈನಲ್ಲಿ ಅಳತೆ ತೆಗೆದ ಬಾಗಿಲು ಬೇಸಿಗೆಗೆ ಸಡಿಲ, ಏಪ್ರಿಲ್‌ನಲ್ಲಿ ಅಳತೆ ತೆಗೆದದ್ದು ಮಳೆಗಾಲಕ್ಕೆ ಬಿಗಿ.

ಪಾಲಿಶ್ ಬಗ್ಗೆ ಒಂದು ಮಾತು. ಬಾಗಿಲಿಗೆ ಪಿಯು (ಪಾಲಿಯೂರಿಥೇನ್) ಕೋಟಿಂಗ್ ಒಳ್ಳೆಯದು, ಒಳಬದಿಗೂ, ಅಂಚಿಗೂ ಹಚ್ಚಿಸಿ. ಲಟ್ಟಣಿಗೆ, ರೊಟ್ಟಿ ಮಣೆ, ಈಳಿಗೆ ಮಣೆಗೆ ಪಾಲಿಶ್ ಬೇಡ. ಬೇಸಿಗೆಯಲ್ಲಿ ಅಗಸೆ ಎಣ್ಣೆ ತೆಳ್ಳಗೆ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ, ಒಂದು ವಾರ ಗಾಳಿಗೆ ಇಡಿ. ಅಗಸೆ ಎಣ್ಣೆ ಒಣಗಿ ಪದರ ಕಟ್ಟುತ್ತದೆ. ಶೇಂಗಾ ಎಣ್ಣೆ ಒಣಗುವುದಿಲ್ಲ, ಅಂಟಂಟಾಗಿ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.

ಹಿಂಜ್, ಬುಟ್ಟಿ, ಹಿಡಿಕೆ

ಇವು 304 ದರ್ಜೆಯ ಸ್ಟೀಲ್ ಇರಲಿ. ಅಂಗಡಿಯವರು ಮ್ಯಾಗ್ನೆಟ್ ಹಚ್ಚಿ "ನೋಡಿ, ಹಿಡಿಯಲಿಲ್ಲ, ಇದು 304" ಅಂತಾರೆ. ಅದು ಸಾಲದು. ಕಮ್ಮಿ ನಿಕಲ್ ಇರುವ, ಬೇಗ ತುಕ್ಕು ಹಿಡಿಯುವ 202 ದರ್ಜೆಗೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಒಂದು ಹನಿ ಹಾಕಿ ಬಣ್ಣ ನೋಡುವ ಟೆಸ್ಟಿಂಗ್ ದ್ರಾವಣ ಇಟ್ಟಿರುವ ಅಂಗಡಿ ಹುಡುಕಿ, ಇಲ್ಲವೇ ಬಿಲ್ಲಿನಲ್ಲಿ 304 ಅಂತ ಬರೆಸಿ. ಉಪ್ಪಿನ ಭರಣಿ, ಹುಣಸೆಹಣ್ಣಿನ ಡಬ್ಬಿ ಸ್ಟೀಲ್ ಬುಟ್ಟಿಯಲ್ಲಿ ಇಡಬೇಡಿ, ಅವುಗಳಿಗೆ ಕಲ್ಲಿನ ಅಟ್ಟಣಿಗೆಯೇ ಸರಿ.

ಈಗ ಮಷೀನು

ಎಲ್ಲಕ್ಕಿಂತ ಮೊದಲು ಆವಿ ಹೊರಗೆ ಹಾಕುವ ಮಷೀನು. ಫ್ರಿಜ್, ಓವನ್ ಆಮೇಲೆ ಬರಲಿ. ಚಿಮಣಿ ತಗೊಳ್ಳುವುದಾದರೆ ಪೈಪ್ ಹೊರಗೆ ಹೋಗುವಂಥದ್ದೇ ಬೇಕು. ಪೈಪ್ ಇಲ್ಲದ, ಕಾರ್ಬನ್ ಫಿಲ್ಟರ್ ಇರುವ ಮಾದರಿ ವಾಸನೆ ಹೀರುತ್ತದೆ, ಜಿಡ್ಡು ಹೀರುತ್ತದೆ, ಆದರೆ ನೀರಾವಿಯನ್ನು ಹಾಗೇ ಅಡುಗೆಮನೆಗೆ ವಾಪಸ್ ಬಿಡುತ್ತದೆ. ನಮ್ಮ ಊರಿಗೆ ಅದು ದಂಡ. ಪೈಪು ಆರು ಇಂಚಿನದ್ದು, ಆದಷ್ಟು ಚಿಕ್ಕದು, ಒಂದೇ ತಿರುವು, ಹೊರಬಾಯಿಗೆ ಮಳೆನೀರು ಒಳಗೆ ಬರದಂತೆ ಮುಚ್ಚಳ. ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಓಡಿಸಿ. ಎದುರಿನ ಕಿಟಕಿ ಎರಡು ಬೆರಳಷ್ಟಾದರೂ ತೆರೆದಿರಲಿ, ಒಳಗೆ ಗಾಳಿ ಬರದೆ ಹೊರಗೆ ಹೋಗುವುದಿಲ್ಲ. ದಿನಾ ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಹಿಟ್ಟು ಹಾರಿ ಜಿಡ್ಡಿಗೆ ಹತ್ತುತ್ತದೆ. ಅದಕ್ಕೇ ಸಣ್ಣ ಜಾಲರಿ ಫಿಲ್ಟರ್ ಬೇಡ, ತೊಳೆಯಲು ಬರುವ, ಸ್ಟೀಲ್ ಪಟ್ಟಿಗಳ ಬ್ಯಾಫಲ್ ಫಿಲ್ಟರ್ ತಗೊಳ್ಳಿ. ಚಿಮಣಿಗೆ ದುಡ್ಡಿಲ್ಲ ಅಂದರೆ ಒಂಬತ್ತು ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕು. ನಿಜವಾಗಿ ಸಾಕು.

ಫ್ರಿಜ್ ಹಿಂಬದಿ ಅಥವಾ ಒಳಗಿನ ಲೇಬಲ್‌ನಲ್ಲಿ ಕ್ಲೈಮೇಟ್ ಕ್ಲಾಸ್ ಅಂತ ಇರುತ್ತದೆ. ಟಿ ಅಂತ ಇದ್ದರೆ 43 ಡಿಗ್ರಿ ತನಕ ನಡೆಯುವಂಥದ್ದು, ಅದನ್ನೇ ತಗೊಳ್ಳಿ. ಮಳೆಗಾಲದಲ್ಲಿ ಬಾಗಿಲು ತೆರೆದಾಗಲೆಲ್ಲ ಒದ್ದೆ ಗಾಳಿ ಒಳಗೆ ಹೋಗಿ ಡೈರೆಕ್ಟ್ ಕೂಲ್ ಫ್ರಿಜ್‌ನಲ್ಲಿ ಐಸ್ ಗಡ್ಡೆ ಬೇಗ ಕಟ್ಟುತ್ತದೆ. ಬಾಗಿಲು ಪದೇ ಪದೇ ತೆಗೆಯುವ ಮನೆಯಾದರೆ ಫ್ರಾಸ್ಟ್ ಫ್ರೀ ಮೇಲು. ಹಿಂದೆ ನಾಲ್ಕು ಇಂಚು ಜಾಗ ಬಿಡಿ. ಬಾಗಿಲಿನ ರಬ್ಬರ್ ನಡುವೆ ಹತ್ತು ರೂಪಾಯಿ ನೋಟು ಇಟ್ಟು ಮುಚ್ಚಿ ಎಳೆದು ನೋಡಿ, ಸಲೀಸಾಗಿ ಬಂದರೆ ರಬ್ಬರ್ ಬದಲಾಯಿಸಬೇಕು.

ಓವನ್ ಅನ್ನು ಮುಚ್ಚಿದ ಕಪಾಟಿನೊಳಗೆ ಕೂರಿಸುವ ಆಸೆ ಇದ್ದರೆ ಹಿಂದೆ, ಮೇಲೆ ಗಾಳಿಗೆ ದಾರಿ ಇದೆಯಾ ನೋಡಿ. ಇಲ್ಲದಿದ್ದರೆ ತೆರೆದ ಅಟ್ಟಣಿಗೆಯಲ್ಲೇ ಇಡಿ. ಇಂಡಕ್ಷನ್ ಒಲೆಯನ್ನು ಕುಕ್ಕರ್ ಸೀಟಿ ಹೊಡೆಯುವ ಕಡೆ ಇಡಬೇಡಿ, ಅದರ ತಳದ ಫ್ಯಾನ್ ಆ ಆವಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಮಿಕ್ಸಿಗೆ 750 ವ್ಯಾಟ್ ಸಾಕು, ಒದ್ದೆ ಇರುವಾಗ ಬಟ್ಟೆ ಹೊದಿಸಬೇಡಿ. ಮನೆಯಲ್ಲೇ ಹಿಟ್ಟಿನ ಗಿರಣಿ ಇಟ್ಟವರು ಮಳೆಗಾಲದಲ್ಲಿ ಜೋಳ ಬಿಸಿಲು ಕಂಡ ದಿನವೇ ಬೀಸಿಕೊಳ್ಳಿ, ತೇವ ಹಿಡಿದ ಕಾಳು ಜಾಲರಿ ಕಟ್ಟಿಸುತ್ತದೆ. ಗದಗದವರು ಡಿಶ್‌ವಾಶರ್ ತಗೊಂಡರೆ ಗಡಸು ನೀರಿಗಾಗಿ ಅದರ ಉಪ್ಪು ಹಾಕುವುದನ್ನು ಮರೆಯಬಾರದು.

ವೈರಿಂಗ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಅಡುಗೆಮನೆಯ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಒದ್ದೆ ಕೈ, ಒದ್ದೆ ಗೋಡೆ, ಸ್ಟೀಲ್ ಸಿಂಕ್ ಎಲ್ಲ ಒಂದೇ ಕಡೆ ಇರುವ ಜಾಗ ಇದು. ಲೀಕೇಜ್ ಆದ ಕೂಡಲೇ ಅದು ಕರೆಂಟ್ ಕಡಿಯುತ್ತದೆ. ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಳೆಗಾಲದ ಮೊದಲೇ ಅಳೆಸಿ. ಸಿಂಕಿನ ಮೇಲೆ, ಹೊರಗೋಡೆಯ ಮೇಲೆ ಸ್ವಿಚ್ ಬೋರ್ಡ್ ಬೇಡ.

ಇನ್ನು ಉಳಿದದ್ದು ವರ್ಷದ ಕೆಲಸ. ಮಹಾನವಮಿಗೆ ಮನೆ ತೊಳೆಯುವಾಗ ಕಪಾಟು ಎಲ್ಲ ಖಾಲಿ ಮಾಡಿ, ಬಾಗಿಲು ಎರಡು ದಿನ ತೆರೆದಿಡಿ. ಸಿಂಕಿನ ಸುತ್ತಲಿನ ಸಿಲಿಕಾನ್ ಕಪ್ಪಾಗಿದ್ದರೆ ಕೆತ್ತಿ ತೆಗೆದು ಹೊಸದು ತುಂಬಿ. ಹಿಂಜ್‌ಗೆ ಒಂದೊಂದು ಹನಿ ಹೊಲಿಗೆ ಮಷೀನಿನ ಎಣ್ಣೆ. ಟಾರ್ಚ್ ಹಿಡಿದು ಕಪಾಟಿನ ಹಿಂಬದಿ, ಕಾಲಿನ ಸುತ್ತ ನೋಡಿ, ಮಣ್ಣಿನ ಗೆರೆ ಕಂಡರೆ ಗೆದ್ದಲು ಬಂದಿದೆ ಅಂತ, ಅವತ್ತೇ ಔಷಧ ಹೊಡೆಸಿ. ಬಿಗಿ ಅನ್ನಿಸಿದ ಬಾಗಿಲನ್ನು ಮಾತ್ರ ಆಗಲೇ ಕೆತ್ತಿಸಬೇಡಿ, ಸಂಕ್ರಾಂತಿ ತನಕ ಕಾಯಿರಿ, ಅದು ತಾನೇ ಕುಗ್ಗಿ ಸಡಿಲ ಆಗುತ್ತದೆ.